ಮೂರ್ಛೆಹೋದ ವೈಮಾನಿಕನ ಕಾವಲುಗಾರ

ಕಾಡುಗೋಡಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುತ್ತಿದ್ದ ನಮ್ಮ ತಾಯಿಯವರು, ಮೊನ್ನೆ ಎಚ್.ಎ.ಎಲ್. ನಿಲ್ದಾಣದ ಕಡೆಯಿಂದ ಗುಡುಗುತ್ತ ಬಂದ ಯುದ್ಧವಿಮಾನವೊಂದನ್ನು ತಲೆಯೆತ್ತಿ ನೋಡಿ, "ಪಾಪ, ಅದರೊಳಗೆ ಯಾರ ಮನೆಯ ಮಗನೋ! ಅಲ್ಲಿ ಅವನಿಗೆ ತಲೆ ತಿರುಗಿದರೆ ಹಿಡಿದುಕೊಳ್ಳುವವರು ಯಾರಪ್ಪಾ?" ಎಂದು ಕೇಳಿದರು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಆಗ ಉತ್ತರ ಹೊಳೆಯಲಿಲ್ಲ. ಹುಡುಕಿ ಓದಿದ ಮೇಲೆ ತಿಳಿದದ್ದಿಷ್ಟು: ತಾಯಿಯವರ ಪ್ರಶ್ನೆ ಬಹಳ ಹಳೆಯದು, ಅದಕ್ಕೆ ಉತ್ತರ ದೊರೆತದ್ದು ಮಾತ್ರ ತೀರ ಈಚೆಗೆ.

ವೈಮಾನಿಕನಿಗೆ ತಲೆ ತಿರುಗುವುದೇಕೆ? ವಿಮಾನವು ಮಹಾವೇಗದಲ್ಲಿ ಕಡಿದಾಗಿ ತಿರುಗುವಾಗ, ಒಳಗೆ ಕುಳಿತವನ ತೂಕ ಎಂಟೊಂಬತ್ತು ಪಟ್ಟು ಹೆಚ್ಚಿದಂತಾಗುತ್ತದೆ. ೬೦ ಕಿಲೋ ತೂಗುವವನು ಆ ಗಳಿಗೆಯಲ್ಲಿ ೫೪೦ ಕಿಲೋ ತೂಗುತ್ತಾನೆನ್ನಬಹುದು. ಅವನ ರಕ್ತವೂ ಅಷ್ಟೇ ಭಾರವಾಗಿ ಕಾಲುಗಳತ್ತ ಇಳಿಯುತ್ತದೆ. ಹೃದಯವು ಎಷ್ಟು ಹೆಣಗಿದರೂ ಅದನ್ನು ಮೆದುಳಿಗೆ ಏರಿಸಲಾರದು. ಮೊದಲು ಕಣ್ಣು ಮಂಜಾಗುತ್ತದೆ, ಅನಂತರ ಕತ್ತಲೆ ಕವಿಯುತ್ತದೆ, ಕೊನೆಗೆ ಪ್ರಜ್ಞೆಯೇ ತಪ್ಪುತ್ತದೆ. ಇದನ್ನು ತಾಳಿಕೊಳ್ಳುವ ಬಗೆಯನ್ನು ಕಲಿಸುವ ಸಂಸ್ಥೆ ನಮ್ಮ ಬೆಂಗಳೂರಿನಲ್ಲಿಯೇ ಇದೆ. ೧೯೫೭ರಲ್ಲಿ ಸ್ಥಾಪಿತವಾದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ, ಉದ್ದನೆಯ ತೋಳಿನ ತುದಿಯ ಗೂಡಿನಲ್ಲಿ ವೈಮಾನಿಕನನ್ನು ಕುಳ್ಳಿರಿಸಿ ಗಾಣದಂತೆ ಗರಗರನೆ ತಿರುಗಿಸುವ ಯಂತ್ರವೊಂದುಂಟು. ಹೊಟ್ಟೆ ಕಾಲುಗಳ ಸ್ನಾಯುಗಳನ್ನು ಬಿಗಿಹಿಡಿದು, ಉಸಿರನ್ನು ಅಳತೆಯಲ್ಲಿ ಬಿಡುತ್ತ, ರಕ್ತ ಕೆಳಗಿಳಿಯದಂತೆ ತಡೆಯುವುದನ್ನು ತರುಣರು ಅದರಲ್ಲಿ ಅಭ್ಯಾಸ ಮಾಡುತ್ತಾರೆ.

ಆದರೂ ಮನುಷ್ಯದೇಹಕ್ಕೆ ಮಿತಿಯಿದೆ. ಮೂರ್ಛೆಯಿಂದ ಎಚ್ಚೆತ್ತು ಮತ್ತೆ ವಿಮಾನವನ್ನು ಹತೋಟಿಗೆ ತರಲು ಹಲವು ಸೆಕೆಂಡುಗಳು ಬೇಕು. ಸೆಕೆಂಡಿಗೆ ೩೦೦ ಮೀಟರು ಓಡುವ ವಿಮಾನ ಹತ್ತೇ ಸೆಕೆಂಡಿನಲ್ಲಿ ಮೂರು ಕಿಲೋಮೀಟರು ಸಾಗಿಬಿಡುತ್ತದೆ. ಮೂತಿ ಕೆಳಗಿದ್ದರೆ ಅಷ್ಟರಲ್ಲಿ ನೆಲವೇ ಎದುರಾಗುತ್ತದೆ. ಮೂರ್ಛೆಯೊಂದೇ ಶತ್ರುವಲ್ಲ. ಮೋಡದ ನಡುವೆ ಒಳಕಿವಿಯು ಮೋಸಮಾಡಿ, ಕೆಳಗೆ ಧುಮುಕುತ್ತಿರುವವನಿಗೂ ಸಮನಾಗಿ ಹಾರುತ್ತಿದ್ದೇನೆಂಬ ಭ್ರಮೆ ಹುಟ್ಟಿಸುವುದುಂಟು. ಗುರಿಯ ಮೇಲೆ ನೆಟ್ಟ ಕಣ್ಣು ನೆಲವನ್ನೇ ಮರೆಯುವುದೂ ಉಂಟು.

ಅಪಾಯವನ್ನು ಕೂಗಿ ತಿಳಿಸುವ ಎಚ್ಚರಿಕೆಯ ಯಂತ್ರಗಳು ಹಿಂದೆಯೇ ಬಂದಿದ್ದವು. ಆದರೆ ಪ್ರಜ್ಞೆ ತಪ್ಪಿದವನ ಕಿವಿಯಲ್ಲಿ ಕೂಗಿ ಫಲವೇನು? ಆದ್ದರಿಂದ ಯಂತ್ರವೇ ವಿಮಾನವನ್ನು ಮೇಲೆತ್ತಬೇಕೆಂದು ಅಮೆರಿಕದ ತಜ್ಞರು ೧೯೮೦ರ ದಶಕದಿಂದ ಪ್ರಯೋಗ ನಡೆಸಿದರು. ಅದು ಎಫ್-೧೬ ವಿಮಾನಗಳಲ್ಲಿ ಸೇವೆಗೆ ಬಂದದ್ದು ೨೦೧೪ರಲ್ಲಿ. ವಿಮಾನದ ಗಣಕಯಂತ್ರದಲ್ಲಿ ಬೆಟ್ಟಗುಡ್ಡಗಳ ಎತ್ತರವನ್ನೆಲ್ಲ ತೋರುವ ಭೂಪಟ ಅಡಗಿರುತ್ತದೆ. ಈ ದಾರಿಯಲ್ಲೇ ಹೋದರೆ ನೆಲ ತಾಗುವುದೇ, ಈಗ ಎತ್ತಿದರೆ ಪಾರಾಗಬಹುದೇ ಎಂದು ಅದು ಎಡೆಬಿಡದೆ ಲೆಕ್ಕಹಾಕುತ್ತದೆ. ಗಳಿಗೆ ಬಂತೆಂದರೆ ರೆಕ್ಕೆಗಳನ್ನು ಸಮಗೊಳಿಸಿ ಮೂತಿಯನ್ನು ಬಲವಾಗಿ ಮೇಲೆತ್ತುತ್ತದೆ.

೨೦೧೬ರ ಮೇ ತಿಂಗಳಲ್ಲಿ ಅಮೆರಿಕದ ಅರಿಜೋನಾ ರಾಜ್ಯದಲ್ಲಿ ತರಬೇತಿ ಪಡೆಯುತ್ತಿದ್ದ ವಿದೇಶೀ ತರುಣನೊಬ್ಬನು ಇಂಥ ತಿರುವಿನಲ್ಲಿ ಪ್ರಜ್ಞೆ ಕಳೆದುಕೊಂಡನು. ವಿಮಾನ ಶಬ್ದದ ವೇಗವನ್ನೂ ಮೀರಿ ನೆಲದತ್ತ ಧಾವಿಸಿತು. ಜೊತೆಯ ವಿಮಾನದಲ್ಲಿದ್ದ ಗುರುವು ರೇಡಿಯೋದಲ್ಲಿ ಮತ್ತೆ ಮತ್ತೆ ಕೂಗಿದರೂ ಶಿಷ್ಯನಿಂದ ಉತ್ತರವಿಲ್ಲ. ಆಗ ಯಂತ್ರವೇ ಕೈಹಾಕಿ ವಿಮಾನವನ್ನು ಎತ್ತತೊಡಗಿತು. ಅಷ್ಟರಲ್ಲಿ ತರುಣನಿಗೂ ಎಚ್ಚರವಾಯಿತು. ಇಂದಿಗೆ ಹತ್ತಕ್ಕೂ ಹೆಚ್ಚು ವೈಮಾನಿಕರು ಹೀಗೆ ಬದುಕಿ ಮನೆಗೆ ಮರಳಿದ್ದಾರೆ.

ಓದುಗರೇ, ಇದರಲ್ಲಿ ಅತ್ಯಂತ ಕಷ್ಟದ ಕೆಲಸ ಯಾವುದಿದ್ದೀತು? ವಿಮಾನವನ್ನು ಎತ್ತುವುದಲ್ಲ, ಸುಮ್ಮನಿರುವುದು! ಯುದ್ಧವಿಮಾನಕ್ಕೆ ಗುಡ್ಡದ ಬೆನ್ನು ಸವರುತ್ತ ಹಾರುವುದು ದಿನದ ಕಸುಬು. ನೆಲ ಕಂಡಾಗಲೆಲ್ಲ ಬೆದರಿ ಕೈಹಿಡಿದೆಳೆಯುವ ಯಂತ್ರವನ್ನು ಯಾವ ವೈಮಾನಿಕನೂ ಸಹಿಸನು. ಅದನ್ನು ಆರಿಸಿಯೇ ಹಾರುವನು. ಆರಿಸಿಟ್ಟ ಕಾವಲುಗಾರನಿಂದ ಪ್ರಯೋಜನವಿಲ್ಲ. ಆದಕಾರಣ ಅದನ್ನು ನಿರ್ಮಿಸಿದವರು ಮೂರು ನಿಯಮಗಳನ್ನು ವಿಧಿಸಿದರು: ಮೊದಲನೆಯದು, ಕೇಡು ಮಾಡಬಾರದು, ಎರಡನೆಯದು, ಕೆಲಸಕ್ಕೆ ಅಡ್ಡಬರಬಾರದು, ಇವೆರಡೂ ಆದ ಮೇಲೆಯೇ ಮೂರನೆಯದಾಗಿ ಅಪಘಾತವನ್ನು ತಪ್ಪಿಸಬೇಕು. ಎಚ್ಚರವಿದ್ದವನು ತಾನಾಗಿ ಮೇಲೇಳುತ್ತಿದ್ದ ಗಳಿಗೆ ಮೀರಿದ ಮೇಲೆಯೇ ಅದು ಕೈಹಾಕುತ್ತದೆ. ಬೇಡವೆಂದರೆ ವೈಮಾನಿಕನು ಅದನ್ನು ತಡೆಯಲೂಬಹುದು.

ನಮ್ಮವರೂ ಈ ದಾರಿಯಲ್ಲಿ ನಡೆದಿದ್ದಾರೆ. ೧೯೯೮ರ ಪೋಖರಣ್ ಪರೀಕ್ಷೆಯ ತರುವಾಯ ಅಮೆರಿಕವು ನೆರವು ನಿಲ್ಲಿಸಿದಾಗ, ತೇಜಸ್ ವಿಮಾನದ ಹಾರಾಟವನ್ನು ಗಣಕಯಂತ್ರದಿಂದ ನಿಯಂತ್ರಿಸುವ ವಿದ್ಯೆಯನ್ನು ಬೆಂಗಳೂರಿನ ವಿಜ್ಞಾನಿಗಳೇ ಮುಗಿಸಬೇಕಾಯಿತು. ೨೦೦೧ರ ಜನವರಿ ೪ರಂದು ತೇಜಸ್ ಇದೇ ಎಚ್.ಎ.ಎಲ್. ನೆಲದಿಂದ ಮೊದಲ ಬಾರಿಗೆ ಮೇಲೇರಿತು. ದಿಕ್ಕು ತಪ್ಪಿದೆನೆಂದು ಅನಿಸಿದಾಗ ಗುಂಡಿಯೊತ್ತಿದರೆ ವಿಮಾನವು ತಾನಾಗಿ ರೆಕ್ಕೆಗಳನ್ನು ಸಮಗೊಳಿಸಿಕೊಳ್ಳುವ ಏರ್ಪಾಟನ್ನೂ ಅದಕ್ಕಾಗಿ ರೂಪಿಸಿದರು. ಆದರೆ ಗುಂಡಿಯೊತ್ತಲು ಪ್ರಜ್ಞೆಯಿರಬೇಕು. ಮೂರ್ಛೆಹೋದವನಿಗೆ ಕರೆಯದೆಯೇ ಬರುವ ಕೈಯೇ ಬೇಕು.

ಸಂಜೆ ಇದೆಲ್ಲವನ್ನೂ ತಾಯಿಯವರಿಗೆ ವಿವರಿಸಿದೆನು. ಒಣಗಿದ ಹಪ್ಪಳಗಳನ್ನು ಡಬ್ಬಿಗೆ ತುಂಬುತ್ತ ಕೇಳಿದ ಅವರಿಗೆ ಯಾವ ಬೆರಗೂ ಆದಂತೆ ಕಾಣಲಿಲ್ಲ. "ಇದರಲ್ಲೇನು ಹೊಸದು? ನೀನು ನಡೆಯಲು ಕಲಿಯುವಾಗ ನಾನೂ ಹೀಗೆಯೇ ಮಾಡಿದ್ದೆ. ಕೈ ಹತ್ತಿರದಲ್ಲೇ ಇಟ್ಟಿದ್ದೆ; ಬೀಳುವವರೆಗೂ ಹಿಡಿಯಲಿಲ್ಲ," ಎಂದರು.