ಸಾಕುಹಕ್ಕಿಗಳ ಆಹಾರ: ಬಾಯಿ ಬಿಚ್ಚಿದ ಚೀಲವನ್ನು ಕೆಡದಂತೆ ಕಾಪಾಡುವ ಕ್ರಮ

ಧಾನ್ಯವನ್ನು ಬೆಳೆಯುವುದು ಎಷ್ಟು ಮುಖ್ಯವೋ, ಬೆಳೆದುದನ್ನು ಕೆಡದಂತೆ ಕಾಪಾಡುವುದೂ ಅಷ್ಟೇ ಮುಖ್ಯವೆಂಬುದನ್ನು ನಮ್ಮ ಗ್ರಾಮಸ್ಥರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ನಮ್ಮ ಹಿರಿಯರು ಚೆನ್ನಾಗಿ ಒಣಗಿದ ರಾಗಿಯನ್ನು ಹಗೇವುಗಳಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ವರ್ಷಗಟ್ಟಲೆ ಇಡುತ್ತಿದ್ದರು. ಹೊರಗಿನ ಗಾಳಿಯೂ ತೇವವೂ ಒಳಹೋಗದಂತೆ ತಡೆದುದೇ ಆ ಕಾಳು ಉಳಿಯುವುದಕ್ಕೆ ಕಾರಣವಾಗಿತ್ತು. ಆದಕಾರಣವೇ ಒಮ್ಮೆ ತೆರೆದ ಹಗೇವನ್ನು ಸಾಮಾನ್ಯವಾಗಿ ಪೂರ್ತಿಯಾಗಿ ಬರಿದುಮಾಡುತ್ತಿದ್ದರು. ಮುಚ್ಚಿದ ಕಾಳು ಬೇರೆ, ಬಾಯಿ ತೆರೆದ ಕಾಳು ಬೇರೆ ಎಂಬ ಅರಿವು ಅವರಿಗಿತ್ತು.

ಆದರೆ ಮನೆಮಂದಿಯ ಕಾಳಿಗೆ ಇಷ್ಟು ಎಚ್ಚರಿಕೆ ವಹಿಸುವ ಮನೆಗಳಲ್ಲಿಯೇ ಕೋಳಿಗಳ ಕಾಳಿನ ಚೀಲವು ಕೊಟ್ಟಿಗೆಯ ಮೂಲೆಯಲ್ಲಿ, ನೆಲದ ಮೇಲೆ, ಬಾಯಿ ತೆರೆದುಕೊಂಡು ತಿಂಗಳುಗಟ್ಟಲೆ ನಿಂತಿರುವುದನ್ನು ನೋಡುತ್ತೇವೆ. "ಹಕ್ಕಿ ತಿನ್ನುವುದು ತಾನೆ" ಎಂಬ ಭಾವನೆಯೇ ಈ ಉದಾಸೀನಕ್ಕೆ ಮೂಲ. ಈ ಉದಾಸೀನದಿಂದ ಉಂಟಾಗುವ ನಷ್ಟವನ್ನೂ ಅದನ್ನು ತಪ್ಪಿಸುವ ಸುಲಭೋಪಾಯಗಳನ್ನೂ ತಿಳಿಸುವುದೇ ಈ ಲೇಖನದ ಉದ್ದೇಶ. ಇಲ್ಲಿ ಹೇಳುವ ವಿಷಯವು ಕೋಳಿ, ಬಾತು, ಪಾರಿವಾಳಗಳಿಗೂ, ಈಚೆಗೆ ಅನೇಕ ಮನೆಗಳಲ್ಲಿ ಮಕ್ಕಳು ಪಂಜರದಲ್ಲಿ ಸಾಕುತ್ತಿರುವ ಬಜರಿಗಾರ್ ಎಂಬ ಸಣ್ಣ ಹೊರದೇಶದ ಗಿಳಿಗಳಿಗೂ ಸಮಾನವಾಗಿ ಅನ್ವಯಿಸುತ್ತದೆ. ನಮ್ಮ ನಾಡಿನ ಕಾಡುಗಿಳಿಗಳನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಂತೆ ನಿಷಿದ್ಧವೆಂಬುದನ್ನು ಗ್ರಾಮದ ಮುಖಂಡರು ಈ ಸಂದರ್ಭದಲ್ಲಿ ಜನರಿಗೆ ತಿಳಿಯಪಡಿಸುವುದು ಉಚಿತ.

ಬೂಷ್ಟಿನಿಂದಾದ ಅನಾಹುತ

1960ನೆಯ ಇಸವಿಯಲ್ಲಿ ಇಂಗ್ಲೆಂಡ್ ದೇಶದಲ್ಲಿ ಒಂದು ಲಕ್ಷಕ್ಕಿಂತ ಹೆಚ್ಚು ಟರ್ಕಿ ಕೋಳಿಯ ಮರಿಗಳು ಕೆಲವೇ ತಿಂಗಳುಗಳಲ್ಲಿ ಸತ್ತುಹೋದುವು. ಮೊದಲು ರೋಗದ ಕಾರಣವೇ ತಿಳಿಯಲಿಲ್ಲ. ಕಡೆಗೆ, ಆ ಮರಿಗಳ ಆಹಾರಕ್ಕೆ ಬೆರೆಸಿದ್ದ, ಬ್ರೆಜಿಲ್ ದೇಶದಿಂದ ತರಿಸಿದ ಕಡಲೆಕಾಯಿ ಹಿಂಡಿಯಲ್ಲಿ ವಿಷವಿರುವುದು ಪತ್ತೆಯಾಯಿತು. ತೇವ ತಗಲಿದ ಕಾಳಿನ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟೇ ಆ ವಿಷವನ್ನು ಉಂಟುಮಾಡಿತ್ತು. ಬೂಷ್ಟಿನ ಹೆಸರಿನಿಂದಲೇ ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ನಾಮಕರಣವಾಯಿತು.

ಈ ವಿಷವು ಮುಖ್ಯವಾಗಿ ಪಿತ್ತಜನಕಾಂಗವನ್ನು ಕೆಡಿಸತಕ್ಕದ್ದು. ದೊಡ್ಡ ಹಕ್ಕಿಗಳಿಗಿಂತ ಮರಿಗಳಿಗೂ, ಕೋಳಿಗಳಿಗಿಂತ ಬಾತು ಮತ್ತು ಟರ್ಕಿಗಳಿಗೂ ಹೆಚ್ಚು ಅಪಾಯಕರ. ಅಲ್ಪ ಪ್ರಮಾಣದಲ್ಲಿ ದಿನವೂ ಹೊಟ್ಟೆಗೆ ಸೇರಿದಲ್ಲಿ ಹಕ್ಕಿಯು ಕೂಡಲೆ ಸಾಯದೆ, ಮೇವು ಬಿಟ್ಟು, ಮಂಕಾಗಿ, ಬೆಳವಣಿಗೆ ಕುಂಠಿತವಾಗಿ, ಮೊಟ್ಟೆಯನ್ನು ಕಡಮೆ ಮಾಡುತ್ತದೆ. ಆಗ ಮನೆಯವರು ಋತುವನ್ನು ದೂರುತ್ತಾರೆಯೇ ಹೊರತು ಚೀಲವನ್ನು ನೋಡುವುದಿಲ್ಲ. ಬೂಷ್ಟಿನ ಧೂಳನ್ನು ಉಸಿರಿನೊಡನೆ ಎಳೆದುಕೊಂಡ ಹಕ್ಕಿಗಳಿಗೆ ಶ್ವಾಸಕೋಶದ ರೋಗವೂ ತಗಲುವುದುಂಟು.

ಮುಖ್ಯವಾಗಿ ಗಮನಿಸತಕ್ಕ ಅಂಶವೇನೆಂದರೆ, ಕಣ್ಣಿಗೆ ಕಾಣುವ ಬೂಷ್ಟನ್ನು ಕೇರಿ ತೆಗೆಯಬಹುದು. ಆದರೆ ಒಮ್ಮೆ ಕಾಳಿನೊಳಗೆ ಸೇರಿದ ವಿಷವು ಬಿಸಿಲಿಗೆ ಹರಡಿದ ಮಾತ್ರಕ್ಕೆ ಅಥವಾ ನೀರಿನಲ್ಲಿ ಕುದಿಸಿದ ಮಾತ್ರಕ್ಕೆ ನಂಬಿಕೆಗೆ ತಕ್ಕಂತೆ ಹೋಗುವುದಿಲ್ಲ. ಆದುದರಿಂದ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದೊಂದೇ ನಿಜವಾದ ಉಪಾಯ.

ಚೀಲ ಬಿಚ್ಚಿದ ಮೇಲೆ ಕೆಡುವ ಬಗೆ

ಕಾಳು ಕೆಡುವುದಕ್ಕೆ ನಾಲ್ಕು ಕಾರಣಗಳುಂಟು.

ಮೊದಲನೆಯದು ತೇವ. ಒಣಗಿದ ಕಾಳು ಸುತ್ತಲಿನ ಗಾಳಿಯಿಂದ ತೇವವನ್ನು ಹೀರತಕ್ಕ ಸ್ವಭಾವವುಳ್ಳದ್ದು. ನವಣೆ, ಸಜ್ಜೆ, ಜೋಳ ಮುಂತಾದ ಧಾನ್ಯಗಳಲ್ಲಿ ತೇವಾಂಶವು ನೂರಕ್ಕೆ 12ರೊಳಗೂ, ಎಣ್ಣೆಯಂಶ ಹೆಚ್ಚಾಗಿರುವ ಕಡಲೆಕಾಯಿ ಬೀಜದಲ್ಲಿ ನೂರಕ್ಕೆ 7ರೊಳಗೂ ಇದ್ದರೆ ಭಯವಿಲ್ಲ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಮಳೆಗಾಲದ ಗಾಳಿಗೆ ಬಾಯಿ ತೆರೆದಿಟ್ಟ ಕಾಳು ಕೆಲವು ದಿನಗಳಲ್ಲಿಯೇ ಈ ಮಿತಿಯನ್ನು ದಾಟುತ್ತದೆ.

ಎರಡನೆಯದು ಗಾಳಿ, ಬೆಳಕು ಮತ್ತು ಶಾಖ. ಇವುಗಳಿಂದ ಕಾಳಿನ ಎಣ್ಣೆಯಂಶವು ಕಮಟಾಗುತ್ತದೆ. ಎ ಮತ್ತು ಇ ಜೀವಸತ್ವಗಳು ನಶಿಸುತ್ತವೆ. ಇಡೀ ಕಾಳಿಗೆ ಸಿಪ್ಪೆಯೇ ಕವಚ. ಅದನ್ನು ಒಡೆದು ನುಚ್ಚು ಅಥವಾ ಹಿಟ್ಟು ಮಾಡಿದೊಡನೆ ಕವಚ ಹೋಯಿತು. ಸಜ್ಜೆಯ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುವುದನ್ನು ಎಲ್ಲ ಗೃಹಿಣಿಯರೂ ಬಲ್ಲರು. ಅಂಗಡಿಯ ಮಿಶ್ರ ಆಹಾರವೂ ಇದೇ ಕಾರಣದಿಂದ ಇಡೀ ಕಾಳಿಗಿಂತ ಬೇಗ ಕೆಡುತ್ತದೆ.

ಮೂರನೆಯದು ಹುಳು. ಸೊಂಡಿಲಿನ ಹುಳು, ಹಿಟ್ಟಿನ ಕೆಂಪು ಹುಳು ಮತ್ತು ಕಾಳಿನಲ್ಲಿ ಬಲೆ ಹೆಣೆಯುವ ಪತಂಗ ಇವು ಮುಖ್ಯವಾದುವು. ಹುಳುಗಳ ಉಸಿರಿನಿಂದ ಕಾಳು ಬಿಸಿಯಾಗಿ, ತೇವ ಹೆಚ್ಚಿ, ಬೂಷ್ಟಿಗೆ ದಾರಿಯಾಗುತ್ತದೆ.

ನಾಲ್ಕನೆಯದು ಇಲಿ. ಇಲಿಯು ತಿಂದುದಕ್ಕಿಂತ ಕೆಡಿಸಿದುದೇ ಹೆಚ್ಚು. ಅದರ ಹಿಕ್ಕೆ ಮತ್ತು ಮೂತ್ರಗಳಿಂದ ಹಕ್ಕಿಗಳಿಗೂ ಮನುಷ್ಯರಿಗೂ ರೋಗಗಳು ಹರಡುತ್ತವೆ.

ಕೊಳ್ಳುವಾಗ ಮತ್ತು ಬಿಚ್ಚುವಾಗ

ಚೀಲದ ಮೇಲೆ ಮುದ್ರಿಸಿದ ತಯಾರಿಕೆಯ ತಾರೀಖನ್ನು ನೋಡಿಯೇ ಕೊಳ್ಳತಕ್ಕದ್ದು. ಹೊಲಿಗೆ ಬಿಚ್ಚಿದ ಅಥವಾ ನೀರಿನ ಕಲೆಯುಳ್ಳ ಚೀಲವನ್ನು ತರಬಾರದು. ಮನೆಯಲ್ಲಿ ಬಿಚ್ಚಿದ ದಿನವನ್ನು ಚೀಲದ ಮೇಲೆಯೇ ಬರೆದಿಡತಕ್ಕದ್ದು. ಒಂದು ಹಿಡಿ ಕಾಳನ್ನು ತೆಗೆದು ಮೂಸಿ ನೋಡಿದರೆ ಒಳ್ಳೆಯ ಕಾಳಿಗೆ ಧಾನ್ಯದ ಸಹಜವಾದ ವಾಸನೆಯಿರುತ್ತದೆ. ಕೆಟ್ಟುದಕ್ಕೆ ಮುಗ್ಗಲು ಅಥವಾ ಕಮಟು ವಾಸನೆಯಿರುತ್ತದೆ. ಕಾಳು ಗಂಟುಗಂಟಾಗಿದ್ದರೆ, ಬಲೆ ಕಟ್ಟಿದ್ದರೆ, ಅಥವಾ ಚೀಲದೊಳಗೆ ಕೈಯಿಟ್ಟಾಗ ಬೆಚ್ಚಗಿದ್ದರೆ ಅದು ಕೆಡುತ್ತಿರುವುದೆಂದು ತಿಳಿಯಬೇಕು.

ಧಾನ್ಯದ ತೇವವನ್ನು ಪರೀಕ್ಷಿಸಲು ಯಂತ್ರವಿಲ್ಲದವರು ಹೀಗೆ ಮಾಡಬಹುದು. ಒಣಗಿದ ಗಾಜಿನ ಸೀಸೆಯಲ್ಲಿ ಮೂರನೆಯ ಒಂದು ಪಾಲು ಕಾಳು ಹಾಕಿ, ಚೆನ್ನಾಗಿ ಒಣಗಿದ ಪುಡಿ ಉಪ್ಪನ್ನು ಎರಡು ಮೂರು ಚಮಚದಷ್ಟು ಸೇರಿಸಿ, ಮುಚ್ಚಳ ಬಿಗಿದು, ಒಂದು ನಿಮಿಷ ಕುಲುಕಿ, ಕಾಲು ಗಂಟೆ ಬಿಡಬೇಕು. ಉಪ್ಪು ಸೀಸೆಯ ಒಳಮೈಗೆ ಅಂಟಿಕೊಂಡರೆ ತೇವಾಂಶವು ನೂರಕ್ಕೆ 15ಕ್ಕಿಂತ ಹೆಚ್ಚಾಗಿದೆಯೆಂದರ್ಥ. ಅಂತಹ ಕಾಳನ್ನು ಒಣಗಿಸದೆ ತುಂಬಿಡಬಾರದು. ಅಂಟದಿದ್ದರೂ ಒಂದು ದಿನದ ಬಿಸಿಲು ಕಾಣಿಸುವುದು ಲೇಸು. ಈ ಪರೀಕ್ಷೆಯು ಧಾನ್ಯಗಳಿಗೆ ಮಾತ್ರ, ಎಣ್ಣೆಕಾಳುಗಳಿಗೆ ಸಾಲದು. ಬಿಸಿಲಿನಿಂದ ತೆಗೆದ ಕಾಳು ಪೂರ್ತಿ ಆರಿದ ಮೇಲೆಯೇ ತುಂಬಬೇಕು. ಬಿಸಿಯಾಗಿರುವಾಗಲೇ ಮುಚ್ಚಿದರೆ ಡಬ್ಬದ ಒಳಮೈ ಬೆವತು, ಒಣಗಿಸಿದ ಶ್ರಮವೆಲ್ಲ ವ್ಯರ್ಥವಾಗುತ್ತದೆ. ಮಿಶ್ರ ಆಹಾರವನ್ನು ಬಿಸಿಲಿಗೆ ಹಾಕಬಾರದು. ಅದರಲ್ಲಿನ ಜೀವಸತ್ವಗಳು ಹಾಳಾಗುತ್ತವೆ.

ಇಡುವ ಕ್ರಮ

1. ಬಿಗಿಯಾದ ಮುಚ್ಚಳವುಳ್ಳ ತಗಡಿನ ಡಬ್ಬ ಅಥವಾ ಪೀಪಾಯಿಯೇ ಉತ್ತಮ. ಗೋಣಿಚೀಲವು ತೇವವನ್ನೂ ತಡೆಯದು, ಇಲಿಯನ್ನೂ ತಡೆಯದು. ಅಂಗಡಿಯಿಂದ ತಂದ ಚೀಲವನ್ನು ಗಾಳಿ ಹೊರಡುವಂತೆ ಒತ್ತಿ, ಬಾಯಿ ಮಡಿಸಿ ಕಟ್ಟಿ, ಚೀಲಸಮೇತ ಡಬ್ಬದಲ್ಲಿಟ್ಟರೆ ತಾರೀಖಿನ ಚೀಟಿಯೂ ಉಳಿಯುತ್ತದೆ.

2. ಡಬ್ಬವನ್ನು ನೆಲದ ಮೇಲಿಡದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ, ಬಿಸಿಲು ಮತ್ತು ಒಲೆಯ ಶಾಖ ತಗಲದ ಕಡೆ ಇಡತಕ್ಕದ್ದು.

3. ದೊಡ್ಡ ಡಬ್ಬವನ್ನು ದಿನವೂ ತೆರೆಯಬಾರದು. ವಾರಕ್ಕೆ ಬೇಕಾದುದನ್ನು ಒಂದು ಸಣ್ಣ ಡಬ್ಬಕ್ಕೆ ತೆಗೆದುಕೊಂಡು, ದಿನದಿನದ ಮೇವನ್ನು ಅದರಿಂದ ಕೊಡತಕ್ಕದ್ದು. ಮೊಗೆಯುವ ಪಾತ್ರೆಯೂ ಕೈಯೂ ಒಣಗಿರಬೇಕು.

4. ಹಳೆಯ ಕಾಳಿನ ಮೇಲೆ ಹೊಸದನ್ನು ಸುರಿಯಬಾರದು. ಹಳೆಯದು ಮುಗಿದ ಮೇಲೆ ಡಬ್ಬವನ್ನು ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಅನಂತರ ತುಂಬಬೇಕು.

5. ಪಂಜರದ ಹಕ್ಕಿಗಳ ಸ್ವಲ್ಪ ಕಾಳನ್ನು ಶೀತಪೆಟ್ಟಿಗೆಯಲ್ಲಿಡುವವರು, ಹೊರತೆಗೆದ ಡಬ್ಬವು ಕೋಣೆಯ ಹದಕ್ಕೆ ಬರುವವರೆಗೆ ಮುಚ್ಚಳ ತೆಗೆಯಬಾರದು. ತೆಗೆದರೆ ತಣ್ಣನೆಯ ಕಾಳಿನ ಮೇಲೆ ಗಾಳಿಯ ತೇವವು ಇಳಿಯುತ್ತದೆ.

6. ಮಿಶ್ರ ಆಹಾರವನ್ನು ಬಿಚ್ಚಿದ ದಿನದಿಂದ ಬೇಸಗೆಯಲ್ಲಿ ಒಂದು ತಿಂಗಳೊಳಗೆ, ಮಳೆಗಾಲದಲ್ಲಿ ಎರಡು ಮೂರು ವಾರಗಳೊಳಗೆ ಮುಗಿಸುವುದು ಕ್ಷೇಮ. ನೆನೆಸಿದ ಅಥವಾ ಮೊಳಕೆ ಬಂದ ಕಾಳು ಮಿಕ್ಕರೆ ಅಂದಿನ ಸಂಜೆಯೊಳಗೆ ತೆಗೆದುಹಾಕತಕ್ಕದ್ದು.

ಮಾಡಬಾರದ ಕೆಲಸಗಳು

ಹುಳುವಿನ ಭಯದಿಂದ ಹಕ್ಕಿಗಳ ಕಾಳಿಗೆ ಕೀಟನಾಶಕದ ಪುಡಿಯನ್ನಾಗಲಿ ನುಸಿಗುಳಿಗೆಯನ್ನಾಗಲಿ ಬೆರೆಸಬಾರದು. ಉಗ್ರಾಣಗಳಲ್ಲಿ ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯು ಮನುಷ್ಯರಿಗೂ ಪ್ರಾಣಾಂತಿಕ. ವಾಸದ ಮನೆಯಲ್ಲಿ ಅದರ ಪ್ರಯೋಗ ಸರ್ವಥಾ ಕೂಡದು. ಬಿತ್ತನೆಯಲ್ಲಿ ಮಿಕ್ಕ, ಔಷಧ ಲೇಪಿಸಿದ ಬಣ್ಣದ ಬೀಜವನ್ನು ಕೋಳಿಗಳಿಗೆ ಹಾಕಬಾರದು, ತೊಳೆದರೂ ಹಾಕಬಾರದು.

ಬೂಷ್ಟು ಹಿಡಿದ ಕಾಳನ್ನು ದನಗಳ ಮುಂದೆ ಸುರಿಯುವ ಪದ್ಧತಿಯೂ ಅಪಾಯಕರ. ಹಸುವು ತಿಂದ ಅಫ್ಲಾಟಾಕ್ಸಿನ್ನಿನ ಒಂದಂಶವು ರೂಪಾಂತರ ಹೊಂದಿ ಹಾಲಿನಲ್ಲಿ ಇಳಿಯುತ್ತದೆ. ಆ ಹಾಲನ್ನು ಕುಡಿಯುವವರು ನಮ್ಮ ಮಕ್ಕಳು. ತಿಪ್ಪೆಗೆ ಹಾಕಿದರೆ ಕೋಳಿಗಳು ಕೆದಕಿ ತಿನ್ನುತ್ತವೆ. ಆದಕಾರಣ ಅದನ್ನು ಆಳವಾದ ಗುಂಡಿಯಲ್ಲಿ ಹೂಳುವುದೇ ಸರಿ. ಆಗ ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು.

ಗ್ರಾಮದ ಮುಖಂಡರಿಗೆ ಒಂದು ಸೂಚನೆ

ಮೇಲಿನ ನಿಯಮಗಳೆಲ್ಲಕ್ಕೂ ಒಂದು ತೊಡಕುಂಟು. ಆಹಾರವು ದೊಡ್ಡ ಚೀಲಗಳಲ್ಲಿ ಅಗ್ಗವಾಗಿ ದೊರೆಯುತ್ತದೆ. ಸಣ್ಣ ಮನೆಯಲ್ಲಿ ಅದು ಬೇಗ ಖರ್ಚಾಗುವುದಿಲ್ಲ. ಮೇಯ್ದು ಬರುವ 10 ಕೋಳಿಗಳಿಗೆ, ತಲೆಗೆ 50 ಗ್ರಾಮಿನಂತೆ ಕೊಟ್ಟರೂ ದಿನಕ್ಕೆ ಅರ್ಧ ಕಿಲೋಗ್ರಾಮಾಯಿತು. ಹೀಗೆ 50 ಕಿಲೋಗ್ರಾಮಿನ ಚೀಲವು 100 ದಿನ ಬರುತ್ತದೆ. ಅಷ್ಟು ದಿನ ಬಾಯಿ ಬಿಚ್ಚಿದ ಚೀಲವು ಕೆಡದೆ ಇರುವುದು ದುರ್ಲಭ. ಆದರೆ ಅದೇ ಚೀಲವನ್ನು ನಾಲ್ಕು ಮನೆಯವರು ಕೂಡಿ ಕೊಂಡು, ಬಿಚ್ಚಿದ ದಿನವೇ ಹಂಚಿಕೊಂಡರೆ, ಒಂದೊಂದು ಮನೆಗೆ ಹನ್ನೆರಡೂವರೆ ಕಿಲೋಗ್ರಾಮು ಸಿಕ್ಕಿ, 25 ದಿನಗಳಲ್ಲಿ ಮುಗಿಯುತ್ತದೆ. ಬೆಲೆಯೂ ಏರುವುದಿಲ್ಲ, ಕಾಳೂ ಕೆಡುವುದಿಲ್ಲ.

ಇದಕ್ಕೆ ಬೇಕಾದುದು ಹಣವಲ್ಲ, ಒಬ್ಬರು ಮುಂದಾಗಿ ನಾಲ್ವರನ್ನು ಕೂಡಿಸುವ ಹೊಣೆಗಾರಿಕೆ ಮಾತ್ರ. ಊರಿನ ಯಜಮಾನರೂ ಜಮೀನುದಾರರೂ ಮುಂಗಾರು ಹಿಡಿಯುವ ಮುನ್ನವೇ ಇಂತಹ ಏರ್ಪಾಡನ್ನು ಮಾಡಿಸಿ, ಮೊದಲು ತಮ್ಮ ಕೊಟ್ಟಿಗೆಯ ಮೂಲೆಯಲ್ಲಿರುವ ಚೀಲವನ್ನೇ ಪರೀಕ್ಷಿಸಿ ಮೇಲ್ಪಂಕ್ತಿಯಾದರೆ, ಮಿಕ್ಕವರು ತಾವಾಗಿಯೇ ಅನುಸರಿಸುವರೆಂಬುದರಲ್ಲಿ ಸಂದೇಹವಿಲ್ಲ.