ಕುದಿಸಬೇಡಿ, ಕಲಕಬೇಡಿ: ಎಮ್ಮೆ ಹಾಲಿನಲ್ಲಿ ಕ್ಲಾಟೆಡ್ ಕ್ರೀಮ್

ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್, ಕಾರ್ನ್‌ವಾಲ್ ಸೀಮೆಯಲ್ಲಿ ಚಹಾದ ಜೊತೆ ಸ್ಕೋನ್ ಕೊಟ್ಟರೆ ಪಕ್ಕದಲ್ಲಿ ಜಾಮ್ ಮತ್ತು ಕ್ಲಾಟೆಡ್ ಕ್ರೀಮ್ ಇರಲೇಬೇಕು. ಸ್ಕೋನ್ ಎಂದರೆ ಬೇಕಿಂಗ್ ಪೌಡರ್ ಹಾಕಿ ಉಬ್ಬಿಸಿದ, ಸಿಹಿ ಕಮ್ಮಿಯ ಪುಟ್ಟ ಬನ್ನು. ಕ್ಲಾಟೆಡ್ ಕ್ರೀಮ್ ಎಂದರೆ ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾದ, ಮೇಲೆ ತೆಳ್ಳನೆಯ ಹೊಂಬಣ್ಣದ ಪದರ ಕಟ್ಟಿದ ಕೆನೆ. ವಿಶಾಖಪಟ್ಟಣದ ಗಾಜುವಾಕದ ಅಂಗಡಿಗಳಲ್ಲಿ ಇದರ ಡಬ್ಬಿ ಹುಡುಕುತ್ತ ಅಲೆಯಬೇಕಾಗಿಲ್ಲ. ಇದಕ್ಕೆ ಬೇಕಾದ ಮುಖ್ಯ ವಸ್ತು, ದಪ್ಪ ಎಮ್ಮೆ ಹಾಲು, ಈ ಕರಾವಳಿಯಲ್ಲಿ ಮನೆಬಾಗಿಲಿಗೇ ಬರುತ್ತದೆ. ಬೇಕಾದದ್ದು ತಾಳ್ಮೆಯೊಂದೇ.

ದಿನಾ ಹಾಲು ಕಾಯಿಸಿ ನಾವು ತೆಗೆಯುವ ಕೆನೆಗೂ ಇದಕ್ಕೂ ಏನು ವ್ಯತ್ಯಾಸ? ನಾವು ಹಾಲನ್ನು ಉಕ್ಕು ಬರುವ ತನಕ ಕುದಿಸುತ್ತೇವೆ. ಅವರು ಕುದಿಯಲು ಬಿಡುವುದೇ ಇಲ್ಲ. ಕುದಿಯುವಾಗ ಏಳುವ ಗುಳ್ಳೆಗಳು ಮೇಲೆ ಬಂದ ಜಿಡ್ಡನ್ನು ಮತ್ತೆ ಹಾಲಿಗೆ ಬೆರೆಸುತ್ತವೆ. 80ರಿಂದ 85 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಾಲು ಅಲುಗದೆ ನಿಂತರೆ, ನೀರಿಗಿಂತ ಹಗುರವಾದ ಜಿಡ್ಡಿನ ಬಹುಪಾಲು ಕಣಗಳು ಮೇಲೆ ಸೇರಿಕೊಳ್ಳುತ್ತವೆ. ಮೇಲ್ಮೈಯ ನೀರು ಆರುತ್ತ ಹೋದಂತೆ ಹಾಲಿನ ಪ್ರೋಟೀನು ಆ ಜಿಡ್ಡನ್ನು ಹಿಡಿದು ಹೆಪ್ಪುಗಟ್ಟಿಸುತ್ತದೆ. ಬಹಳ ಹೊತ್ತಿನ ಹದವಾದ ಶಾಖಕ್ಕೆ ಹಾಲಿನ ಸಕ್ಕರೆ ಮತ್ತು ಪ್ರೋಟೀನು ಸೇರಿ ಹುರಿದ ಬೀಜದಂಥ ಪರಿಮಳವೂ ಬರುತ್ತದೆ. ತಣಿದ ಮೇಲೆ ಜಿಡ್ಡು ಗಟ್ಟಿಯಾಗಿ ಕೆನೆ ಹದಕ್ಕೆ ಬರುತ್ತದೆ. ಬ್ರಿಟನ್ನಿನಲ್ಲಿ ಈ ಹೆಸರಿನಲ್ಲಿ ಮಾರುವ ಕೆನೆಯಲ್ಲಿ ಕನಿಷ್ಠ 55 ಶೇಕಡಾ ಜಿಡ್ಡು ಇರಬೇಕು. ನಮ್ಮ ಬೆಣ್ಣೆಯಲ್ಲಿ ಇರುವುದು 80 ಶೇಕಡಾ. ಅಂದರೆ ಇದು ಬೆಣ್ಣೆಗೂ ಮಾಮೂಲಿ ಕೆನೆಗೂ ನಡುವಿನ ಪದಾರ್ಥ.

ಯಾವ ಹಾಲು?

ಎಮ್ಮೆ ಹಾಲಿನಲ್ಲಿ ಸುಮಾರು 6ರಿಂದ 8 ಶೇಕಡಾ ಜಿಡ್ಡು ಇರುತ್ತದೆ, ಅದರ ಕಣಗಳೂ ಹಸುವಿನ ಹಾಲಿನವಕ್ಕಿಂತ ದೊಡ್ಡವು. ಟರ್ಕಿಯವರು ತಮ್ಮ ಹೆಸರಾಂತ ಕೆನೆ ಕಾಯ್ಮಾಕ್‌ಗೆ ಎಮ್ಮೆ ಹಾಲನ್ನೇ ಮೆಚ್ಚುವುದು ಸುಮ್ಮನೆ ಅಲ್ಲ. ಗಾಜುವಾಕದಲ್ಲಿ ಹಾಲಿನವರ ಬಳಿ ತೆಲುಗಿನಲ್ಲಿ ‘ಗೇದೆ ಪಾಲು’ (ಎಮ್ಮೆ ಹಾಲು) ಎಂದು ಕೇಳಿ, ನೀರು ಬೆರೆಸದ ಹಸಿ ಹಾಲನ್ನೇ ಕೊಳ್ಳಿ.

ಪ್ಯಾಕೆಟ್ ಹಾಲಾದರೆ ಫುಲ್ ಕ್ರೀಮ್ ಬೇಕು. ಅದರಲ್ಲಿ 6 ಶೇಕಡಾ ಜಿಡ್ಡು ಇರುತ್ತದೆ. ಟೋನ್ಡ್ ಹಾಲಿನ 3 ಶೇಕಡಾ ಈ ಕೆಲಸಕ್ಕೆ ಸಾಲದು. ಪೊಟ್ಟಣದ ಮೇಲೆ ‘ಹೋಮೊಜಿನೈಸ್ಡ್’ ಎಂದಿದ್ದರೆ ಅದನ್ನೂ ಬಿಡಿ. ಅದರಲ್ಲಿ ಜಿಡ್ಡಿನ ಕಣಗಳನ್ನು ಯಂತ್ರದಲ್ಲಿ ಒಡೆದು ಪುಡಿಮಾಡಿರುತ್ತಾರೆ, ಅವು ಮೇಲೆ ಬರುವುದಿಲ್ಲ. ಅನುಮಾನವಿದ್ದರೆ ಕಾಯಿಸದ ಹಾಲನ್ನು ಗಾಜಿನ ಲೋಟದಲ್ಲಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬೆಳಗ್ಗೆ ಮೇಲ್ಭಾಗದಲ್ಲಿ ದಪ್ಪ ಪದರವೊಂದು ಬೇರೆಯಾಗಿ ಕಂಡರೆ ಆ ಹಾಲು ಆದೀತು. ಟೆಟ್ರಾಪ್ಯಾಕ್‌ನಲ್ಲಿ ಬರುವ ಅಮುಲ್ ಫ್ರೆಶ್ ಕ್ರೀಮ್‌ನಲ್ಲಿ ಇರುವುದು 25 ಶೇಕಡಾ ಜಿಡ್ಡು. ಗ್ರೇವಿಗೆ ಚೆನ್ನ, ಇದಕ್ಕೆ ಆಗದು. ಕೇಕಿನ ಮೇಲೆ ಹಚ್ಚುವ ವನಸ್ಪತಿ ಜಿಡ್ಡಿನ ವಿಪ್ಪಿಂಗ್ ಕ್ರೀಮ್ ಅಂತೂ ಬೇಡವೇ ಬೇಡ.

ಮಾಡುವ ಬಗೆ

1. ಎರಡು ಲೀಟರ್ ಹಾಲನ್ನು ಅಗಲ ಬಾಯಿಯ, ಆಳ ಕಮ್ಮಿಯ ಸ್ಟೀಲ್ ಪಾತ್ರೆಗೆ ಸುರಿದು, ಮುಚ್ಚಿ, 10ರಿಂದ 12 ಗಂಟೆ ಫ್ರಿಜ್‌ನಲ್ಲಿಡಿ. ಕಾಯಿಸುವುದೂ ಇದೇ ಪಾತ್ರೆಯಲ್ಲಿ. ಬೇರೆಯದಕ್ಕೆ ಬಗ್ಗಿಸಿದರೆ ಮೇಲೆ ಬಂದ ಕೆನೆ ಕದಡುತ್ತದೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಹಾಲನ್ನು ತಂಪು ಕೋಣೆಯಲ್ಲೇ ಇಡುತ್ತಿದ್ದರು. ನಮ್ಮ ಕಡಲತೀರದ ಸೆಕೆಗೆ ಹಾಗೆ ಇಟ್ಟರೆ ಹಾಲು ಕೆಟ್ಟೇ ಹೋಗುತ್ತದೆ.

2. ಇನ್ನೊಂದು ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಹಾಲಿನ ಪಾತ್ರೆಯನ್ನು ಅಲುಗಿಸದೆ ಅದರೊಳಗೆ ಕೂರಿಸಿ. ಒಲೆ ಅತಿ ಸಣ್ಣ ಉರಿಯಲ್ಲಿರಲಿ. ಮುಚ್ಚಳ ಬೇಡ: ಮುಚ್ಚಳದ ಹಬೆನೀರು ಹನಿಯಾಗಿ ಬಿದ್ದರೆ ಪದರ ಕಟ್ಟುವುದಿಲ್ಲ.

3. ಸುಮಾರು ಒಂದು ಗಂಟೆಯಲ್ಲಿ ಹಾಲು ಬಿಸಿಯೇರುತ್ತದೆ. ಥರ್ಮಾಮೀಟರ್ ಇಲ್ಲದಿದ್ದರೂ ತಿಳಿಯುತ್ತದೆ: ಹಬೆ ಏಳುತ್ತಿರುತ್ತದೆ, ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆ ಕಾಣುತ್ತದೆ, ನಡುಭಾಗ ಮಾತ್ರ ಮಿಸುಕಾಡುವುದಿಲ್ಲ. ಗುಳ್ಳೆ ನಡುವಿಗೆ ಬಂದರೆ ಉರಿ ಜೋರಾಯಿತೆಂದೇ ಲೆಕ್ಕ. ಇದೇ ಶಾಖದಲ್ಲಿ ಇನ್ನೂ ಒಂದರಿಂದ ಒಂದೂವರೆ ಗಂಟೆ ಬಿಡಿ. ಹಾಲನ್ನು ಪಾಶ್ಚರೀಕರಿಸಲು 63 ಡಿಗ್ರಿಯಲ್ಲಿ ಅರ್ಧ ಗಂಟೆ ಸಾಕು. ಇಲ್ಲಿ ಅದಕ್ಕಿಂತ ಹೆಚ್ಚೇ ಬೇಯುವುದರಿಂದ ಮೊದಲು ಬೇರೆಯಾಗಿ ಕುದಿಸಬೇಕಿಲ್ಲ.

4. ಮೇಲ್ಮೈ ಸುಕ್ಕುಗಟ್ಟಿ, ಅಂಚಿನಲ್ಲಿ ತುಸು ಕಂದು ಬಣ್ಣ ಬಂದಾಗ ಇಳಿಸಿ. ಇಂಗ್ಲೆಂಡಿನ ಕೆನೆಯಷ್ಟು ಹಳದಿಯಾಗಲೆಂದು ಕಾಯಬೇಡಿ. ಆ ಬಣ್ಣ ಹುಲ್ಲು ಮೇಯುವ ಹಸುಗಳ ಹಾಲಿನ ಕ್ಯಾರೋಟಿನ್‌ನದು. ಎಮ್ಮೆ ಹಾಲಿನಲ್ಲಿ ಅದು ಇರುವುದಿಲ್ಲ ಎನ್ನಬಹುದು.

5. ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಬೇಗನೆ ಫ್ರಿಜ್‌ಗೆ ಸೇರಿಸಿ. ಕನಿಷ್ಠ ಎಂಟು ಗಂಟೆಯ ನಂತರ ಅಂಚನ್ನು ಚಾಕುವಿನಿಂದ ಬಿಡಿಸಿ, ಜಾಲರಿ ಸೌಟಿನಲ್ಲಿ ಕೆನೆಯನ್ನು ಮಡಿಕೆ ಮಡಿಕೆಯಾಗಿ ಎತ್ತಿ. ಪದರವನ್ನು ಮೆತ್ತನೆಯ ಕೆನೆಯೊಂದಿಗೆ ಮೆಲ್ಲಗೆ ಬೆರೆಸಿದರೆ ಸಾಕು, ಕಡೆಯುವುದು ಬೇಡ.

ಎಷ್ಟು ಸಿಗುತ್ತದೆ?

7 ಶೇಕಡಾ ಜಿಡ್ಡಿನ ಎರಡು ಲೀಟರ್ ಹಾಲಿನಲ್ಲಿ ಸುಮಾರು 140 ಗ್ರಾಂ ಜಿಡ್ಡಿರುತ್ತದೆ. ಅಷ್ಟೂ ಮೇಲೆ ಬಂದರೆ 60 ಶೇಕಡಾ ಜಿಡ್ಡಿನ ಕೆನೆ 230 ಗ್ರಾಂ ಆಗಬೇಕು. ಆದರೆ ಒಂದಷ್ಟು ಹಾಲಿನಲ್ಲೇ ಉಳಿಯುವುದರಿಂದ ಕೈಗೆ ಬರುವುದು ಅದಕ್ಕಿಂತ ಕಡಿಮೆ. ನಾಲ್ಕೈದು ಜನರ ಸ್ಕೋನ್‌ಗೆ ಧಾರಾಳ. ಮುಚ್ಚಿದ ಡಬ್ಬಿಯಲ್ಲಿ, ಫ್ರಿಜ್‌ನಲ್ಲಿ ನಾಲ್ಕು ದಿನ ಇಡಬಹುದು.

ಸ್ಕೋನನ್ನು ಅಡ್ಡಕ್ಕೆ ಎರಡಾಗಿ ಬಿಡಿಸಿ ಹಚ್ಚುತ್ತಾರೆ. ಡೆವನ್‌ನವರು ಮೊದಲು ಕೆನೆ, ಮೇಲೆ ಜಾಮ್ ಹಾಕಿದರೆ, ಕಾರ್ನ್‌ವಾಲ್‌ನವರು ಜಾಮ್ ಹಚ್ಚಿ ಮೇಲೆ ಕೆನೆ ಇಡುತ್ತಾರೆ. ಈ ಜಗಳಕ್ಕೆ ಇನ್ನೂ ತೀರ್ಪಾಗಿಲ್ಲ. ಗಾಜುವಾಕದವರಿಗೆ ಮೂರನೆಯ ದಾರಿಯೂ ಉಂಟು: ಹತ್ತಿರದ ಅನಕಾಪಲ್ಲಿ ಬೆಲ್ಲಕ್ಕೆ ಹೆಸರುವಾಸಿ. ಅದರ ಗಟ್ಟಿ ಪಾಕಕ್ಕೆ ಎರಡು ಹನಿ ನಿಂಬೆರಸ ಹಿಂಡಿದರೆ ಕೆನೆಯ ಜಿಡ್ಡಿಗೆ ಸರಿಯಾದ ಜೋಡಿ.

ಕೆನೆ ತೆಗೆದ ಮೇಲೆ ಉಳಿಯುವ ಹಾಲನ್ನು ಚೆಲ್ಲಬೇಡಿ. ಸ್ಕೋನಿನ ಹಿಟ್ಟು ಕಲಸಲು ಅದನ್ನೇ ಬಳಸಿ. ಮಿಕ್ಕಿದ್ದನ್ನು ಒಂದು ಕುದಿ ಕುದಿಸಿ, ಉಗುರುಬೆಚ್ಚಗಾದಾಗ ಹೆಪ್ಪು ಹಾಕಿದರೆ ಮಾರನೆಯ ದಿನದ ಮಜ್ಜಿಗೆಗೆ ಮೊಸರು ಸಿದ್ಧ.