ಗಣಿಯೂರಿನ ಬಯಲಲ್ಲಿ ನೆಂಟರ ಜೊತೆ

ಪ್ರಶ್ನೆ: ಐರ್ಲೆಂಡಿನ ಆಶ್‌ಫರ್ಡ್ ಕೋಟೆ ಈಗ ಹೋಟೆಲು. ಅಲ್ಲಿ ಅತಿಥಿಗಳು ಗಿಡುಗ ಹಾರಿಸುತ್ತಾರೆ, ಸರೋವರದಲ್ಲಿ ಮೀನು ಹಿಡಿಯುತ್ತಾರೆ. ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ಗೆ ಬಂದ ನೆಂಟರಿಗೆ ನಾವೇನು ತೋರಿಸೋಣ?

ಉತ್ತರ: ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿಸಿ. ಕೋರಮಂಡಲ, ಉರಿಗಾಂ, ಚಾಂಪಿಯನ್ ದಾಟುವಾಗ ಕಿಟಕಿಯಾಚೆ ಸೈನೈಡ್ ದಿಬ್ಬಗಳು ಕಾಣುತ್ತವೆ. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ ಅದು. ಮಳೆನೀರು ಕೊರೆದ ಸೀಳುಗಳು ಬುಡದವರೆಗೂ ಇಳಿದಿವೆ. ದೂರದಿಂದಲೇ ನೋಡಿ, ಹತ್ತಬೇಡಿ. ಗಾಳಿ ಎದ್ದರೆ ಆ ದೂಳು ಕಾರ್ಮಿಕರ ಕಾಲೊನಿಗಳ ಮೇಲೇ ಬೀಳುತ್ತದೆ, ಅಲ್ಲಿನವರು ಇಂದಿಗೂ ಅದನ್ನೇ ಉಸಿರಾಡುತ್ತಿದ್ದಾರೆ.

1880ರಲ್ಲಿ ಬ್ರಿಟಿಷ್ ಗಣಿ ಕಂಪನಿ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿ ಕಾಲಿಟ್ಟ ಮೇಲೆ ಬಿಳಿಯ ದೊರೆಗಳ ಮನರಂಜನೆಗೆಂದು ಕ್ಲಬ್ಬು, ಗಾಲ್ಫ್ ಮೈದಾನ ಹುಟ್ಟಿಕೊಂಡವು. ಆದರೆ ನನ್ನ ಮಟ್ಟಿಗೆ ಇಲ್ಲಿನ ನಿಜವಾದ ಸಿರಿ ಕೃಷ್ಣಮೃಗ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆಮೇಲೆ ಪಾಳುಬಿದ್ದ ಗಣಿ ಜಮೀನಿನ ಕುರುಚಲಲ್ಲಿ ಈ ಕೃಷ್ಣಮೃಗಗಳು ಮೇಯುತ್ತವೆ. ಬೆಳಗ್ಗೆ ಬೇಗ ಹೋಗಿ, ಸದ್ದು ಮಾಡದೆ ನಿಲ್ಲಿ. ಆ ಬಯಲನ್ನು ಉಳಿಸಿಕೊಳ್ಳಲೇಬೇಕು.

ಬಿಸಿಲೇರಿದರೆ ಬೇತಮಂಗಲದ ಕೆರೆಯೇರಿಗೆ ಹೋಗಿ. ಪಾಲಾರ್ ನದಿಯ ನೀರಿನ ಈ ಕೆರೆಯೇ ಗಣಿಯೂರಿನ ದಾಹ ತಣಿಸಿದ್ದು. ಸಂಜೆ ಬಂಗಾರಪೇಟೆಗೆ ಮರಳಿದರೆ, ತಿಳಿನೀರಿನ ಪಾನಿಪುರಿ ಮರೆಯಬೇಡಿ.